ಹನ್ನೆರಡನೇ ಸೂಜಿ

ಅಲ್ಲಾಡಬ್ಯಾಡ್ರಿ ಮಾಸ್ತರ! ನೆತ್ತಿಯಿಂದ ಹಿಡದು ಕಾಲತನಕ ಹನ್ನೆರಡು ಸೂಜಿ ಅದಾವ. ಮಾತಂತೂ ಆಡಲೇಬ್ಯಾಡ್ರಿ, ಗಲ್ಲದಾಗ ನಾಕು ಅದಾವ. ಬಾಯಿ ಇನ್ನಷ್ಟು ಸೊಟ್ಟ ಆತಂದ್ರ ಅಂದಪ್ಪನ ಕೈ ಕೆಟ್ಟದ್ದು ಅಂತ ಇಳಕಲ್ ತುಂಬ ಸುದ್ದಿ ಆಗ್ತದ. ಸುಮ್ಮನ ಮಲಕೊಂಡು ಕೇಳ್ರಿ. ಏಳು ವರ್ಷದಿಂದ ಹೊಟ್ಟಿಯೊಳಗ ಇಟಗೊಂಡೇನಿ.

ಯಾಕ್ರಿ, ಬಲಗೈ ಯಾಕ ನೋಡ್ಕೊಳ್ಳಾಕತ್ತೀರಿ? ಎಡಗೈಗೆ ಚುಚ್ಚಿ ಇದನ್ನ ಯಾಕ ಬಿಟ್ಟಾನ ಅಂತಲಾ? ಬೇಕಂತಲೇ ಬಿಟ್ಟೇನಿ. ಸಹಿ ಮಾಡಾಕ! ಇಲ್ಲಿ ನೋಡ್ರಿ ಕಾಗದ... "೧೯೭೭ರ ಸೂಜಿ ಚಿಕಿತ್ಸೆಯ ಪರೀಕ್ಷೆಯಲ್ಲಿ ಪರೀಕ್ಷಕನಾದ ಪಂಢರೀನಾಥ ಎಂಬ ನಾನು ಅಂದಪ್ಪನ ಒಂದು ಸೂಜಿಯನ್ನು ಬಚ್ಚಿಟ್ಟು ಅವನನ್ನು ನಾಪಾಸು ಮಾಡಿದೆನು." ಇಷ್ಟ! ಬರೋ ಸೋಮವಾರ ಮುಂಬಯಿ ಮಂಡಳಿಯವ್ರು ಬಾಗಲಕೋಟಿಗೆ ಬರ್ತಾರ. ಸರ್ಟಿಫಿಕೇಟ ಇಲ್ಲದವರು ಇನ್ನ ಸೂಜಿ ಮುಟ್ಟಂಗಿಲ್ಲಂತ. ಈ ಕಾಗದ ಇದ್ರ ನಾ ವೈದ್ಯ. ಇಲ್ಲಾಂದ್ರ ಬಾಗಲಾ ಹಾಕಿ ಮತ್ತ ಮಗ್ಗದ ಕುಣಿಗೆ ಇಳೀಬೇಕು.

ಏನ್ ನಗ್ತೀರಿ?... ನಗೋದಲ್ಲ? ಹಾಂ, ಬಾಯಿ ಸೊಟ್ಟ ಆಗೇದಲ್ಲ, ಹಂಗ ಕಾಣ್ತದ. ಕಾಣಲಿ! ಊರಿಗೆಲ್ಲಾ ಕಾಣಲಿ!

ಆರು ತಿಂಗಳ ಟ್ರೇನಿಂಗ್, ಮಾಸ್ತರ! ಮುಂಜಾನಿ ಮೊದಲ ಬಸ್ಸಿಗೆ ಬಾಗಲಕೋಟಿಗೆ ಬರ್ತಿದ್ದೆ. ಮಂದೀಗೆ ಚುಚ್ಚೋದಕ್ಕಿಂತ ಮೊದಲ ನಿಮ್ಮ ಮೈಗೆ ಚುಚ್ಚಿಕೊಳ್ರಿ ಅಂದ್ರು ಮುಂಬಯಿ ಡಾಕ್ಟರು. ಚುಚ್ಚಿ ಚುಚ್ಚಿ ಈ ಮೊಣಕಾಲ ಜರಡಿ ಆಗಿತ್ತು. ನೀವು ನನಗಿಂತ ಎರಡು ವರ್ಷ ಮೊದಲ ಕಲ್ತಿದ್ರಿ, ಅದಕ್ಕ ಪರೀಕ್ಷಾ ತಗೊಳ್ಳೋ ದೊಡ್ಡಸ್ತನ ನಿಮ್ಮ ಪಾಲಿಗೆ ಬಂತು.

ಬೇವೂರಿನ ಶಿವಲಿಂಗವ್ವನ್ನ ನನ್ನ ಮುಂದ ಕುಂಡ್ರಿಸಿದ್ರಿ. ಹತ್ತು ವರ್ಷದ ತಲಿಬ್ಯಾನಿ. ಹನ್ನೆರಡು ಸೂಜಿ ಹಾಕಿದೆ, ಹೊತ್ತಾದ ಮ್ಯಾಲೆ ತಗದೆ. ಎದ್ದು ನಿಂತು, "ಯಪ್ಪಾ, ತಲಿ ಹಗುರಾತೋ" ಅಂದ್ಲು! ಎಲ್ಲಾರೂ ಚಪ್ಪಾಳಿ ಬಡದ್ರು. ಆಕಿ ಬಸ್ಸಿಗೆ ಓಡಿದ್ಲು. ಆಮ್ಯಾಲೆ ನೀವು... ತಣ್ಣಗ... "ಅಂದಪ್ಪ, ತಗದದ್ದು ಎಣಸು." ಹನ್ನೊಂದು! ಹಾಕಿದಷ್ಟು ಸೂಜಿ ತಾಟಿಗೆ ಬರಲಿಲ್ಲಂದ್ರ ನಾಪಾಸು. ತುಂಬಿದ ಸಭಾದಾಗ ನನ್ನ ಮಾನ ಕಳದ್ರಿ.

ಅದಕ್ಕ ಮುಂಬಯಿ ಮಂಡಳಿಗೆ ಅರ್ಜಿ ಬರದೆ. ಹೌದು, ನಾನ ಬರದೆ! ಮಾಸ್ತರು ಸೂಜಿ ತಮ್ಮ ದಸ್ತಿಯೊಳಗ ಸುತಗೊಂಡ್ರು ಅಂತ. ನಿಮ್ಮನ್ನ ಪರೀಕ್ಷಕ ಕೆಲಸದಿಂದ ತಗದ್ರು. ನನಗ ಮಾತ್ರ, ಪರೀಕ್ಷಕ ತಾನ ಒಪ್ಪಿ ಸಹಿ ಮಾಡಿದ್ರ ಪಾಸು ಅಂದ್ರು. ನಿಮ್ಮ ಬೋರ್ಡು ಇಳೀತು. ಸೂಜಿ ಕಳ್ಳ ಅಂತ ಹುಡುಗರು ಕೂಗಿದ್ರು. ನಾ ಕಟ್ಟಿ ಮ್ಯಾಲೆ ಕುಂತು ನೋಡೀನಿ... ಭಾಳ ಛಲೋ ಅನಿಸ್ತು! ನೀವು ಛತ್ರಿ ಹಿಡಕೊಂಡು, ಒಂದ ಮಾತಾಡದ ಹೋದ್ರಿ. ತಪ್ಪಿಲ್ಲದಾವ ಹಂಗ ಸುಮ್ಮನಿರ್ತಾನೇನ್ರಿ? ಹೇಳ್ರಿ!... ಏ, ಬ್ಯಾಡ ಬ್ಯಾಡ, ಗಲ್ಲದಾಗ ಸೂಜಿ!

ಈಗ ಬಾಯಿ ಸೊಟ್ಟ ಆದ ಕೂಡಲೇ ಸರ್ಟಿಫಿಕೇಟ ಇಲ್ಲದ ಅಂದಪ್ಪ ಬೇಕಾದ್ನಲ್ಲಾ? ಹಿಡೀರಿ ಪೆನ್ನು... ಹಿಡೀರಿ ಅಂದ್ರ!... ಕಣ್ಣ ಮುಚ್ಚಿದ್ರ ಮುಗೀತೇನು? ಸಂಜೀತನಕ ಹಿಂಗ ಬಿಡ್ತೇನಿ, ನೋಡ್ರಿ ಮತ್ತ!

ಬಂದೆ ಜೋಹರಾಬಿ, ಮುಂದಿನ ಪಾಳಿ ನಿಂದ, ಕುಂಡ್ರವಾ ಹೊರಗ!... ಥೂ. ಹೊತ್ತಾತು, ತಗೀಲೇಬೇಕು. ನಾ ನಿಮ್ಮಂಗ ಅಲ್ಲ, ನನ್ನ ಕೆಲಸ ಚೊಕ್ಕ. ನೀವ ನೋಡ್ರಿ. ಕಾಲಿನವು ನಾಕು. ಎಡಗೈವು ಎರಡು, ಆರು. ಗಲ್ಲದವು ನಾಕು, ಹತ್ತು. ಗದ್ದದ್ದು ಒಂದು, ಹನ್ನೊಂದು...

ಹನ್ನೆರಡನೇದು? ತಾಟಿನ್ಯಾಗಿಲ್ಲ... ಚಾದರದಾಗಿಲ್ಲ... ಮತ್ತ ಅದ ಆಟಾ! ಬಲಗೈ ಮುಠಿಗಿ ಬಿಚ್ರಿ! ಬಿಚ್ರಿ ಅಂದೆ!... ಖಾಲಿ. ಕೈ ಯಾಕ ಎತ್ತಾಕತ್ತೀರಿ? ಹೊಡೀತೀರೇನು? ತಲಿಗ್ಯಾಕ...

ನೆತ್ತಿ.

ಕೂದಲಾಗ... ಬಟ್ಟು ಇಳಸ್ರಿ ಮಾಸ್ತರ. ತಗದೆ, ತಗದೆ. ಹಂಗ್ಯಾಕ ನೋಡ್ತೀರಿ?... ಆವತ್ತಿನ ಸೂಜಿನೂ ಕೂದಲಾಗ ಇತ್ತಂತ ಯಾರು ಹೇಳಿದ್ರು? ಶಿವಲಿಂಗವ್ವ ನಿಮ್ಮ ಹತ್ರಾನೂ ಬಂದಿದ್ಲೇನು? ಯಾರ ಮುಂದೂ ಹೇಳಬ್ಯಾಡಂತ ಲಿಂಗ ಮುಟ್ಟಿಸಿ ಆಣಿ ಮಾಡಿಸಿದ್ದೆ ಆಕೀಗೆ! ಎಂಟು ದಿನಕ್ಕ ಎರಕೊಳ್ಳಾಕ ತುರುಬ ಬಿಚ್ಚಿದ್ಲಂತ, ಹಣಿಗಿಗೆ ಸಿಕ್ಕಿತಂತ, ಸೆರಗಿಗೆ ಗಂಟ ಕಟಗೊಂಡು ನನಗ ತಂದು ಕೊಟ್ಲು... ಅರ್ಜಿ ಬರದದ್ದು ಅದರ ಮರುದಿನ, ಮಾಸ್ತರ. ಸೂಜಿ ನನ್ನ ಕಿಸೆದಾಗ ಇತ್ತು.

ಗೊತ್ತಿತ್ತೇನ್ರಿ ನಿಮಗ? ಗೊತ್ತಿದ್ದೂ ಏಳು ವರ್ಷ...? ಏನಾರ ಅನ್ರಿ. ಬೈರಿ. ಉಗುಳ್ರಿ ಬೇಕಾದ್ರ. ಈಗ ಗಲ್ಲದಾಗ ಒಂದೂ ಸೂಜಿ ಇಲ್ಲಲ್ರೀ ಮಾಸ್ತರ... ಮಾತಾಡ್ರಿ...