ಮೀಟರಿನ ಸೊನ್ನೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಮತ್ಸ್ಯಾಲಯದ ನನ್ನ ಸಹೋದ್ಯೋಗಿಗಳೇ, ಕೆಲಸ ಬಿಟ್ಟು ಬಂದಿರುವ ಸಭಿಕರೇ,

ಬೆನ್ನ ಹಿಂದೆ ನೀವು ನನ್ನನ್ನು 'ಸೊನ್ನೆ ಸಾಹೇಬ' ಎನ್ನುತ್ತೀರಿ, ಗೊತ್ತು. ಹನ್ನೆರಡು ವರ್ಷ ಇಲ್ಲಿ ತೊಟ್ಟಿಗಳಿಗೆ ಓಝೋನ್ ಅನಿಲ ಬಿಟ್ಟು ನೀರು ಶುದ್ಧ ಮಾಡಿದೆ. ಮೀನಿಗೆ ವಿಷವಾಗುವ ಆ ಅನಿಲ ನೀರಿನಲ್ಲಿ ಎಷ್ಟು ಉಳಿದಿದೆ ಎಂದು ಕೇಳಿದಾಗಲೆಲ್ಲ ಮೀಟರು ನೋಡಿ 'ಸೊನ್ನೆ' ಎಂದೆ. ಇಂದಿನ ಬೀಳ್ಕೊಡುಗೆಯ ಸನ್ಮಾನ ಪತ್ರದಲ್ಲೂ ಅದನ್ನೇ ಹೊಗಳಿದ್ದೀರಿ. ಬರೆದು ತಂದ ಭಾಷಣ ಜೇಬಿನಲ್ಲಿದೆ, ಆದರೆ ಓದಲಾರೆ. ಅದರಲ್ಲಿರುವುದು ನಿಜವಲ್ಲವೆಂದು ಇವತ್ತು ಬೆಳಿಗ್ಗೆ ತಿಳಿಯಿತು.

ಏನಾಯಿತು? ನನ್ನ ಜಾಗಕ್ಕೆ ಬಂದಿರುವ ಮೇಡಂ ದೊಡ್ಡ ತೊಟ್ಟಿಯ ನೀರನ್ನು ಪುಟ್ಟ ಸೀಸೆಗೆ ತುಂಬಿ ಚಿಟಿಕೆ ಪರೀಕ್ಷೆಯ ಪುಡಿ ಹಾಕಿದರು. ನೀರು ತಿಳಿಗುಲಾಬಿಯಾಯಿತು. "ಸರ್, ಸಮುದ್ರದ ನೀರಲ್ಲಿ ಬ್ರೋಮೈಡ್ ಅನ್ನೋ ಲವಣ ಇರುತ್ತೆ. ಓಝೋನ್ ತಾನು ಮಾಯ ಆಗಿ ಅದರಿಂದ ಬ್ರೋಮಿನ್ ಅನ್ನೋ ವಿಷ ಹುಟ್ಟಿಸಿ ಹೋಗುತ್ತೆ. ಈ ಗುಲಾಬಿ ಬಣ್ಣ ಅದರದ್ದೇ. ಇವತ್ತು ಕಮ್ಮಿ ಇದೆ. ಜಾಸ್ತಿ ಆದ್ರೆ ಮೀನಿನ ಕಿವಿರೇ ಸುಟ್ಟುಹೋಗುತ್ತೆ. ಓಝೋನ್ ಮಾತ್ರ ಅಳೆಯೋ ನಿಮ್ಮ ಮೀಟರ್‌ಗೆ ಅದು ಕಾಣೋದೇ ಇಲ್ಲ," ಎಂದರು.

ನಾನು ಕುಡಿಯುವ ನೀರಿನ ಘಟಕದಿಂದ ಬಂದವನು. ಅಲ್ಲಿಯದು ಸಿಹಿನೀರು, ಸೊನ್ನೆ ಎಂದರೆ ಸೊನ್ನೆ. ಇಲ್ಲಿಯೂ ಹಾಗೇ ಅಂದುಕೊಂಡೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಯಾರಿಗೆ ಗೊತ್ತಿಲ್ಲ ಹೇಳಿ? ನನಗೆ ಗೊತ್ತಾಗಲಿಲ್ಲ.

ಆರು ವರ್ಷದ ಹಿಂದೆ ದೊಡ್ಡ ತೊಟ್ಟಿಯ ನೀರು ಕದಡಿತ್ತು, ತಿಳಿಯಾಗಲೆಂದು ಓಝೋನ್ ಹೆಚ್ಚಿಸಿದ್ದೆ. ಮೀನು ನೋಡಿಕೊಳ್ಳುತ್ತಿದ್ದವನು ನನ್ನ ಭಾವಮೈದುನ, ನಾನೇ ಸೇರಿಸಿದ್ದೆ. ಓಡಿ ಬಂದು, "ಭಾವ, ನೀರು ಬ್ಲೀಚಿಂಗ್ ಪೌಡರ್ ಥರ ನಾರ್ತಿದೆ. ಮೀನೆಲ್ಲ ಬಾಯ್ಬಿಡ್ತಿವೆ. ಓಝೋನ್ ಸ್ವಲ್ಪ ನಿಲ್ಸಿ," ಎಂದ. "ಮೀಟರ್ ಸೊನ್ನೆ ಇದೆ ಕಣೋ. ನಿನ್ನ ಮೂಗನ್ನ ನಂಬ್ಲಾ?" ಎಂದು ನಕ್ಕೆ. ನಕ್ಕು, ಓಝೋನ್ ಇನ್ನಷ್ಟು ಏರಿಸಿದೆ. ಎರಡು ದಿನದಲ್ಲಿ ನಾನೂರು ಮೀನು ಹೊಟ್ಟೆ ಮೇಲಾಗಿ ತೇಲಿದವು. ಕೊಳೆತ ಆಹಾರ ಹಾಕಿದ್ದಾನೆಂದು ಅವನನ್ನು ಕೆಲಸದಿಂದ ತೆಗೆದರು. ನೀರು ಸರಿಯಿತ್ತೆಂದು ಸಹಿ ಹಾಕಿದವನು ನಾನು. ಬಂಧುವೆಂದು ಪಕ್ಷಪಾತ ಮಾಡಲಿಲ್ಲ ಎಂದು ಬೆನ್ನು ತಟ್ಟಿದಿರಿ, ನಾನೂ ಬೀಗಿದೆ! ಅಂದಿನಿಂದ ಅವನು ನಮ್ಮ ಮನೆಯ ಹೊಸ್ತಿಲು ತುಳಿದಿಲ್ಲ. ಅವನಿಗೆ ಮತ್ತೆ ಯಾವ ಮತ್ಸ್ಯಾಲಯದಲ್ಲೂ ಕೆಲಸ ಸಿಗಲಿಲ್ಲ.

ಅಧ್ಯಕ್ಷರೇ, ಈ ಪತ್ರ ನನಗೆ ಬೇಡ. ತಪ್ಪು ಅವನದಲ್ಲ ಎಂದು ಅವನ ಹೆಸರಿಗೆ ಒಂದು ಪತ್ರ ಬರೆದುಕೊಡಿ. ತಪ್ಪು ಯಾರದೆಂದೂ ಬರೆಯಿರಿ.

ಮೊದಲ ಸಾಲಿನಲ್ಲಿ ನನ್ನ ಹೆಂಡತಿ ಇದ್ದಾಳೆ. ಅವಳಿಗೂ ಇದು ಈಗಲೇ ಗೊತ್ತಾಗುತ್ತಿರುವುದು. ಆರು ವರ್ಷ ತಮ್ಮನ ಜೊತೆ ಮಾತು ಬಿಟ್ಟಳು, ನನ್ನ ಮಾತು ನಂಬಿ... ಎದ್ದೆಯಾ? ಅವನ ಮನೆಗೇ ಹೊರಟಿದ್ದರೆ ಬಾಗಿಲ ಹತ್ತಿರ ಒಂದು ನಿಮಿಷ ನಿಲ್ಲೇ, ನಾನೂ ಬರುತ್ತೇನೆ.

ಇಷ್ಟು ಹೊತ್ತು ಕೇಳಿದಿರಿ, ಉಪಕಾರವಾಯಿತು. ನಮಸ್ಕಾರ.