ಹಿಂದಿನ ಸಾಲು ಕದಲುವುದಿಲ್ಲ

ಹಲೋ... ಹಲೋ, ಯಾರು ಮಾತಾಡ್ತಿರೋದು?... ಜೋರಾಗಿ ಹೇಳಿ, ಇಲ್ಲಿ ಡೋಲು ಬಡೀತಿದಾರೆ... ಯಾರು?...

ಓಹೋ, ಸೀ ಮುಂಜಿ, ಕೋಚ್ ಸಾಹೇಬರೇ! ನೀವಾ? ಇದ್ಯಾರ ನಂಬರು?... ಸೂರ್ಯಕಾಂತಿ ಬೀಜ ಮಾರೋ ಅಜ್ಜನದಾ? ಭಲೇ! ರೆಫ್ರಿಗೆ ಬೈದು ನಿಷೇಧ ಹಾಕಿಸ್ಕೊಂಡ ಹೆಡ್ ಕೋಚು ಜನರ ಮಧ್ಯೆ ಕದ್ದು ಕೂತು, ಎರವಲು ಫೋನಲ್ಲಿ ತಂಡ ನಡೆಸ್ತಾರೆ. ಇಡೀ ಗಾಬೆಸ್ ಊರು ನೋಡ್ಬೇಕು ಇದನ್ನ... ಇಲ್ಲಪ್ಪ, ನಗ್ತಾ ಇಲ್ಲ. ಹೇಳಿ...

ಹಾಂ... ಹಾಂ, ಸಮಸಮ ಅಂತ ನಂಗೂ ಕಾಣ್ತಿದೆ. ಹೀಗೇ ಮುಗಿದ್ರೆ ಉಳ್ಕೋತೀವಿ, ಒಂದು ಗೋಲು ಬಿದ್ರೆ ಕೆಳಗಿನ ಲೀಗಿಗೆ ಹೋಗ್ತೀವಿ. ಅದಕ್ಕೆ?... ಹಿಂದಿನ ಸಾಲನ್ನ, ನಾಲ್ಕೂ ಡಿಫೆಂಡರನ್ನ, ಮುಂದಕ್ಕೆ ತಳ್ಳಬೇಕಾ? ಅವರ ಫಾರ್ವರ್ಡನ್ನ ಆಫ್‌ಸೈಡಲ್ಲಿ ಹಿಡಿಯೋಕಾ?...

ಇನ್ನೊಂದ್ಸಲ ಹೇಳಿ. ಇದೇ ಮಾತನ್ನ ನಿಮ್ಮ ಬಾಯಲ್ಲೇ ಕೇಳಿದೀನಿ, ಅಲ್ವಾ?...

ಮರೆತುಬಿಟ್ರಾ? ಕಪ್ ಫೈನಲ್ಲಿನ ಕೊನೇ ಗಳಿಗೆ. ಮೊಣಕಾಲಿಗೆ ಪಟ್ಟಿ ಕಟ್ಕೊಂಡು ನಾನು ಹಿಂದೆ ನಿಂತಿದ್ದೆ. ನೀವು ಗೆರೆ ಪಕ್ಕ ನಿಂತು 'ಮುಂದೆ ಹೋಗೋ ಲಸ್ಸಾದ್, ಮುಂದೆ' ಅಂತ ಕಿರುಚಿದ್ರಿ. ಹೋದೆ. ನಾನು ಬಿಟ್ಟ ಜಾಗದಲ್ಲೇ ಅವರು ನುಗ್ಗಿ ಗೋಲು ಹೊಡೆದ್ರು, ಕಪ್ ಹೋಯ್ತು. ಆಮೇಲೆ ರೇಡಿಯೋದಲ್ಲಿ ಏನಂದ್ರಿ?... ಸರಿ, ನಾನೇ ಹೇಳ್ತೀನಿ. 'ಹಿಂದೆ ನಿಲ್ಲು ಅಂದಿದ್ದೆ, ಇವನು ದುಡ್ಡು ತಿಂದಿದಾನೆ' ಅಂದ್ರಿ...

ಹಳೇದಾ? ನಿಮಗೆ ಹಳೇದು. ನಮ್ಮಪ್ಪ ಕಾಫಿ ಅಂಗಡಿಗೆ ಹೋದ್ರೆ ಜನ ಕುರ್ಚಿ ತಿರುಗಿಸ್ಕೊಂಡು ಕೂತ್ರು. ಆಮೇಲೆ ಸಾಯೋವರೆಗೂ ಅವರು ಹೊಸಿಲು ದಾಟಲಿಲ್ಲ. ನನ್ನ ಹೆಂಡ್ತಿ ಮೀನಿಗೆ ಹೋದ್ರೆ ಕೊಳೆತದ್ದನ್ನೇ ಕಟ್ಟಿಕೊಡೋರು. ನನ್ನ ಆಟ ಅಲ್ಲಿಗೇ ಮುಗೀತು, ಒಂದು ಕ್ಲಬ್ಬೂ ಕರೀಲಿಲ್ಲ...

ಕೆಲಸ ಕೊಟ್ರಿ, ಹೌದು. ದೊಡ್ಡ ಮನುಷ್ಯ ಅನ್ನಿಸ್ಕೊಳ್ಳೋಕೆ ಅಸಿಸ್ಟೆಂಟ್ ಮಾಡ್ಕೊಂಡ್ರಿ. ಮೈದಾನದಲ್ಲಿ ಕೋನ್ ಹೆಕ್ಕೋದು ನಾನು, ಪೇಪರಲ್ಲಿ ಹಲ್ಲು ಕಿರಿಯೋದು ನೀವು. ಯಾಕೆ ಸಹಿಸ್ಕೊಂಡೆ ಅಂದ್ಕೊಂಡ್ರಿ? ಇಂಥ ಒಂದು ದಿನ ಬರ್ಲಿ ಅಂತ...

ಕೂಗಾಡಬೇಡಿ, ಪಕ್ಕದವರು ನೋಡ್ತಾರೆ. ಕಿತ್ತು ಹಾಕ್ತೀರಾ? ನಾಳೆ ಹಾಕಿ. ಇವತ್ತು ಹುಡುಗರು ನೋಡೋದು ನನ್ನ ಕೈಸನ್ನೆ...

ಹಾಂ, ಹಾಗೆ ಬನ್ನಿ ದಾರಿಗೆ. ತಳ್ತೀನಿ, ಖಂಡಿತ ತಳ್ತೀನಿ. ಮೊದಲು ಹೇಳಿ, ಅವತ್ತು ಮುಂದೆ ಹೋಗು ಅಂದದ್ದು ಯಾರು?... ನನಗೆ ಕೇಳಿಸಿದ್ರೆ ಸಾಲದು. ಆ ಅಜ್ಜನಿಗೆ ಹೇಳಿ, ಹೇಳಿ ಫೋನ್ ಅವರ ಕೈಗೆ ಕೊಡಿ... ಬೇಗ, ಕಾರ್ನರ್ ಸಿಕ್ತು ಅವರಿಗೆ...

ಹಲೋ, ಸಲಾಂ ಅಜ್ಜಾ. ಏನಂದ್ರು ಅವರು?... 'ಮುಂದೆ ಹೋಗು ಅಂದವನು ನಾನೇ, ಲಸ್ಸಾದ್ ದುಡ್ಡು ಮುಟ್ಟಿಲ್ಲ' ಅಂದ್ರಾ? ಯಾರು ಅಂತ ಗುರುತು ಹತ್ತಲಿಲ್ವಾ?... ಆ ಟೋಪಿ ತೆಗೆದು ನೋಡಿ. ಕರಿ ಕನ್ನಡಕಾನೂ... ಹಾಂ! ಅವರೇ. ಈಗ ಅವರಂದದ್ದನ್ನ, ಬೀಜ ಮಾರೋವಾಗ ಕೂಗ್ತೀರಲ್ಲ, ಆ ದನೀಲಿ ಕೂಗಿ...

ಸೀ ಮುಂಜಿ? ಫೋನ್ ಕಿತ್ಕೊಂಡ್ರಾ?... ಹಿಂದಿನ ಸಾಲಾ? ತಳ್ಳಲಿಲ್ಲ, ತಳ್ಳೋದೂ ಇಲ್ಲ. ನಾಲ್ಕೂ ಜನ ಗೋಲಿನ ಮುಂದೆ ನಿಂತಿದಾರೆ... ಹೌದು ಕಣ್ರೀ, ಮೋಸಾನೇ... ತಡೀರಿ, ಕಾರ್ನರ್ ಹೊಡೆದ... ನಮ್ಮ ಡಿಫೆಂಡರ್ ಬಿಲೆಲ್ ತಲೆ ಕೊಟ್ಟ, ಆಚೆ ಹೋಯ್ತು! ಕೊನೇ ಸೀಟಿ ಬಿತ್ತು! ಉಳಿದ್ವಿ!...

ಏನದು ಗಲಾಟೆ?... ಅಜ್ಜನ ಕೂಗು ಕೇಳಿ ಎಲ್ಲರೂ ಎದ್ದು ನಿಮ್ಮ ಸುತ್ತ ಬಂದ್ರಾ?... ಪೊಲೀಸರನ್ನ ಕಳಿಸಬೇಕಾ? ಅಯ್ಯೋ, ಕಳಿಸೋಕೆ ನಾನ್ಯಾರು, ಬರೀ ಅಸಿಸ್ಟೆಂಟು... ಹೇಳಿ ನೋಡಿ, 'ಸುಳ್ಳು, ಅವನು ಹೇಳಿಸಿದ' ಅಂತ ಹೇಳಿ. ದೇವರ ಮೇಲೆ ಆಣೆ ಇಟ್ಟು ಹೇಳಿ, ಅಳ್ತಾ ಹೇಳಿ. ನಾನೂ ಹಾಗೇ ಹೇಳಿದ್ದೆ. ಒಬ್ಬನಾದ್ರೂ ನಂಬ್ತಾನಾ...

ಹಲೋ?... ಹಲೋ?