ಒಳಕೋಣೆಯ ಸದ್ದು

...ಅಲ್ಲಕ್ಕಾ, ಅದು ಪೈಪು! ಎಷ್ಟು ಸಲ ಹೇಳ್ಲಿ? ಗೋಡೆ ಒಳಗೆ ನೀರಿನ ಪೈಪಿದೆ, ಮೇಲಿನ ಮನೆಯವರು ನಲ್ಲಿ ತಿರುಗಿಸಿದ್ರೆ ಬಡ್ಕೊಳ್ಳತ್ತೆ. ನಾನು ಮಾಡಿದ ಇಡೀ ಸಿನಿಮಾದಲ್ಲಿ ನಿನಗೆ ಕೇಳಿಸಿದ್ದು ಅದೊಂದೇನಾ? ಮೊದಲು ಆ ಚೀಲ ಕೆಳಗಿಡು. ಬಸ್ಸಿಳಿದು ಬಂದವಳು ಬಂದ ಹಾಗೇ ನಿಂತ್ಕೊಂಡು... ಪೊಲೀಸರು ಕೂಡ ಕೂತ್ಕೊಂಡು ವಿಚಾರಣೆ ಮಾಡ್ತಾರೆ ಕಣಕ್ಕ.

ಇದಕ್ಕೆ ನಗಬೇಕಿತ್ತು ನೀನು.

ಹೋಗಲಿ ಬಿಡು. ಟೀ ಮಾಡ್ಲಾ? ಬೇಡ್ವಾ? ನೀರಾದ್ರೂ ಕುಡಿ. ನಾನು ಈ ಅಂಗಿ ಇಸ್ತ್ರಿ ಮಾಡ್ತಾ ಮಾತಾಡ್ತೀನಿ, ಬೇಜಾರಿಲ್ಲ ತಾನೇ? ಸಾಯಂಕಾಲ ಇದನ್ನೇ ಹಾಕ್ಕೊಂಡು ಸ್ಟೇಜು ಹತ್ತಬೇಕು. ಮೊದಲು ಸಿನಿಮಾ ತೋರಿಸ್ತಾರೆ, ಆಮೇಲೆ ಬಹುಮಾನ. ಮುಂದಿನ ಸಾಲಲ್ಲಿ ನನ್ನ ಪಕ್ಕದ ಕುರ್ಚಿ ನಿನಗೇ ಅಂತ ಹೇಳಿಟ್ಟಿದೀನಿ. 'ದೊಡ್ಡಮ್ಮನಿಗೆ' ಅಂತ ಪರದೆ ಮೇಲೆ ಅಕ್ಷರ ಬರುವಾಗ ಅವಳ ಮಗಳು ನೀನೇ ಪಕ್ಕದಲ್ಲಿ ಇಲ್ಲದೇ ಇದ್ರೆ... ನನಗಾಗಲ್ಲ ಅಕ್ಕ. ನೀನು ಬರಲ್ಲ ಅಂದ್ರೆ ನಾನೂ ಹೋಗಲ್ಲ, ನೋಡು ಮತ್ತೆ.

ಎಲ್ಲಿ ನೋಡಿದೆ ಸಿನಿಮಾನ? ಆಸ್ಪತ್ರೇಲಾ? ಡ್ಯೂಟಿ ಮುಗಿಸಿ, ನರ್ಸುಗಳ ಕೋಣೇಲಿ ಕೂತು, ಮೊಬೈಲಲ್ಲಿ... ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡು? ಅದಕ್ಕೇ! ಇಯರ್‌ಫೋನಲ್ಲಿ ಇಲ್ಲದ್ದೆಲ್ಲ ಕೇಳಿಸತ್ತೆ. ದೊಡ್ಡ ಪರದೇಲಿ ನೋಡಬೇಕಿತ್ತು ನೀನು. ಕೊನೇ ದೃಶ್ಯ, ಮನೆ ಖಾಲಿ ಮಾಡ್ತಿರೋ ಹೆಂಗಸು ಬೀಗದಕೈ ಹಿಡ್ಕೊಂಡು ಈ ಹಾಲಲ್ಲೇ, ಇಲ್ಲೇ, ನಾನೀಗ ನಿಂತಿರೋ ಜಾಗದಲ್ಲೇ ಕೂತಿರ್ತಾಳೆ. ಮಾತಿಲ್ಲ, ಕತೆಯಿಲ್ಲ. ಆಗ ಗೋಡೆ ಆಚೆಯಿಂದ ಆ ಸದ್ದು ಬರತ್ತಲ್ಲ, ಇಡೀ ಥಿಯೇಟರು ಉಸಿರು ಬಿಗಿಹಿಡಿಯತ್ತೆ! ಒಬ್ಬರು ಪೇಪರಿನಲ್ಲಿ ಏನು ಬರೆದಿದ್ರು ಗೊತ್ತಾ? 'ನಗರದ ಒಂಟಿತನದ ನಾಡಿಮಿಡಿತ' ಅಂತೆ! ಪೈಪಿಗೆ ಬಂದ ಭಾಗ್ಯ ನೋಡು.

ಈಗಲೂ ನಗ್ಲಿಲ್ಲ.

ಹ್ಞಾ? ಅದು ಸಿನಿಮಾದೊಳಗೆ ಹೇಗೆ ಬಂತು ಅಂತನಾ... ಅದು, ರೂಮ್ ಟೋನ್ ಅಂತ ಒಂದಿದೆ ನಮ್ಮಲ್ಲಿ. ಖಾಲಿ ಕೋಣೆಗೂ ಅದರದ್ದೇ ಒಂದು ಸದ್ದಿರತ್ತೆ ಅಕ್ಕ, ಮನುಷ್ಯರಿಗೆ ಮೈವಾಸನೆ ಇರೋ ಹಾಗೆ. ಶೂಟಿಂಗ್ ಮಧ್ಯೆ ಫ್ಯಾನು, ಫ್ರಿಜ್ಜು ಎಲ್ಲ ಆರಿಸಿ, ಎಲ್ಲರೂ ನಿಂತಲ್ಲೇ ನಿಂತು, ಒಂದು ನಿಮಿಷ ಬರೀ ಕೋಣೆಯನ್ನ ರೆಕಾರ್ಡ್ ಮಾಡ್ಕೋತೀವಿ. ಆಮೇಲೆ ಅದನ್ನ ಮಾತಿನ ಅಡಿಯಲ್ಲಿ ಹಾಸೋದು, ಎಲ್ಲಿ ಕತ್ತರಿಸಿದೀವಿ ಅಂತ ಗೊತ್ತಾಗಬಾರದು ನೋಡು, ಅದಕ್ಕೆ. ಆ ನಿಮಿಷದಲ್ಲಿ ಕೆಮ್ಮೋ ಹಾಗಿಲ್ಲ. ಸೀನು ಬಂದ್ರೆ ಮೂಗು ಹಿಂಡ್ಕೋಬೇಕು. ನಮ್ಮ ಸೌಂಡಿನವನು ಇದಾನಲ್ಲ, ಎಲ್ಲರೂ ಅವನನ್ನ 'ಕಿವಿ' ಅಂತಲೇ ಕರೆಯೋದು. ಯಾರದ್ದಾದ್ರೂ ಹೊಟ್ಟೆ ಗುರ್ ಅಂದ್ರೂ ಸಾಕು, ಮತ್ತೆ ಮೊದಲಿಂದ! ಅಂಥ ಕಟ್ಟುನಿಟ್ಟು. ಹಾಗೆ ರೆಕಾರ್ಡ್ ಮಾಡುವಾಗ ಸಿಕ್ಕಿದ್ದು ಅದು. ಪೈಪು.

ಇದ್ಲು. ದೊಡ್ಡಮ್ಮ ಒಳಗೇ ಇದ್ಲು. ಇನ್ನೆಲ್ಲಿರ್ತಾಳೆ? ಮಲಗಿದ್ಲು. ಊಟ ಮಾಡಿಸಿದ್ದೆ, ಬಾಯಿ ಒರೆಸಿದ್ದೆ, ಮಗ್ಗುಲಾಗಿ ಮಲಗಿಸಿದ್ದೆ. ಎಲ್ಲ ನಿನಗೆ ಆವತ್ತೇ ಫೋನಲ್ಲಿ ಹೇಳಿದೀನಲ್ಲ! ಸಂಜೆ ಹೋಗಿ ನೋಡಿದಾಗ... ನೆಮ್ಮದಿಯಾಗಿ ಹೋಗಿದ್ಲು. ಕೈ ಮಂಚದ ಕಬ್ಬಿಣದ ಸರಳಿನ ಮೇಲೆ ಹಾಗೇ ಇತ್ತು, ನಿದ್ದೇಲಿ ಹಿಡ್ಕೊಂಡ ಹಾಗೆ. ಅಂಥ ಸಾವು ಯಾರಿಗೆ ಸಿಗತ್ತೆ ಹೇಳು. ಆ ಕೈಯಿಂದ ನಾನೇ ಉಂಗುರ ಬಿಡಿಸಿ ನಿನಗೆ ಕೊಟ್ಟಿದ್ದು. ಚೆನ್ನಾಗಿ ಕೂತಿದೆ ನಿನ್ನ ಬೆರಳಿಗೆ. ನೀನು ಅದನ್ನ ತಿರುಗಿಸ್ತಾನೇ ಇದೀಯಲ್ಲ, ಬಂದಾಗಿನಿಂದ.

ನಿನ್ನ ತಲೇಲಿ ಏನು ಓಡ್ತಿದೆ ಅಂತ ನನಗೆ ಗೊತ್ತಕ್ಕ. ಆ ಲೋಟ. ಅದೇ ತಾನೇ? ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಕೂತು ಊರಿಗೆ ಊರನ್ನೇ ಮಾತಾಡಿಸಿದ ದೊಡ್ಡಮ್ಮನಿಗೆ ಸ್ಟ್ರೋಕ್ ಆಗಿ ಮಾತು ಹೋಯ್ತು. ಹೋದ್ರೇನಂತೆ, ಕರೆಯೋದು ಬಿಟ್ಲಾ? ಉಂಗುರದಿಂದ ಸ್ಟೀಲ್ ಲೋಟಕ್ಕೆ ಬಡೀತಿದ್ಲು. ಬೇಗ ಬೇಗ ಎರಡು, ಆಮೇಲೆ ತಡೆದು ಇನ್ನೊಂದು. ನಾವು 'ಬಂದೆ' ಅನ್ನಬೇಕು. ಚಿಕ್ಕಂದಿನಿಂದ ಈ ಮನೆಯ ಕಾನೂನು ಅದು! ಬರೋದು ಆಮೇಲೆ, ಮೊದಲು 'ಬಂದೆ' ಅನ್ನು, ಕರೆದವರಿಗೆ ಆ ಕಡೆ ಜನ ಇದಾರೆ ಅಂತ ಗೊತ್ತಾಗಲಿ... ಸಾವಿರ ಸಲ ಬೈಸಿಕೊಂಡಿದೀವಿ ಇದಕ್ಕೆ. ನಾನು ಬಚ್ಚಲಲ್ಲಿ ತಲೆಗೆಲ್ಲ ಸೋಪು ಹಚ್ಕೊಂಡೇ 'ಬಂದೆ ದೊಡ್ಡಮ್ಮಾ' ಅಂತ ಕೂಗ್ತಿದ್ದೆ, ನೀನು ಹೊರಗೆ ನಿಂತು ಬಿದ್ದು ಬಿದ್ದು ನಗ್ತಿದ್ದೆ. 'ಗಡಿಬಿಡಿ ಬಂದ ನೋಡು' ಅಂತ ಅವಳೂ ನಗ್ತಿದ್ಲು. ಕೊನೆಕೊನೆಗೆ 'ಬಂದೆ' ಅಂತ ಒಂದು ಮಾತು ಕೇಳಿಸಿದ್ರೆ ಸಾಕಿತ್ತು ಅವಳಿಗೆ. ನೀರೂ ಬೇಕಿರ್ಲಿಲ್ಲ, ಏನೂ ಬೇಕಿರ್ಲಿಲ್ಲ. ಅಷ್ಟಕ್ಕೇ ಸಮಾಧಾನ ಆಗ್ತಿತ್ತು, ಬಡಿಯೋದು ನಿಲ್ಲಿಸ್ತಿದ್ಲು.

ಆದ್ರೆ ಆ ಸದ್ದು ಇದಲ್ಲಕ್ಕ. ಲೋಟದ ಸದ್ದು ಟಿಣ್ ಅನ್ನತ್ತೆ. ಸಿನಿಮಾದಲ್ಲಿ ಇರೋದು ಮಂದ, ದಪ್ಪ, ಕಬ್ಬಿಣದ್ದು. ನೀನೇ ಇನ್ನೊಂದು ಸಲ ಕೇಳು. ಅದೂ ಅಲ್ದೆ ಲೋಟ ಆವತ್ತು ಅವಳ ಹತ್ರ ಇರಲೇ ಇಲ್ಲ! ನಾನೇ ತೆಗೆದು ಅಡುಗೆಮನೇಲಿ ಇಟ್ಟಿದ್ದೆ. ಅಂದ ಮೇಲೆ ಅವಳು ಹೇಗೆ...

ಹಾಗೆ ನೋಡಬೇಡ.

ಶೂಟಿಂಗ್ ಇತ್ತಲ್ಲಕ್ಕಾ! ಶಾಟ್ ಇದ್ದಾಗ ಮಾತ್ರ ತೆಗೀತಿದ್ದೆ, ಮುಗಿದ ತಕ್ಷಣ ಮತ್ತೆ ಕೈಗೆ ಕೊಡ್ತಿದ್ದೆ. ಅಷ್ಟು ಜನ ಬಂದು ನಿಂತಿರ್ತಾರೆ, ಬೆಳಕು ಹೋಗ್ತಿರತ್ತೆ, ಆ ಕಿಟಕಿಗೆ ಬಿಸಿಲು ಬರೋದೇ ಸಂಜೆ ಒಂದಿಷ್ಟು ಹೊತ್ತು. ಅವಳೋ ಹೊತ್ತು ಗೊತ್ತು ಇಲ್ಲದೆ ಟಿಣ್ ಟಿಣ್... ನೀನು ದೂರದಲ್ಲಿದ್ದೆ. ನಾನಿದ್ದೆ ಇಲ್ಲಿ. ಬಟ್ಟೆ ಬದಲಿಸಿದವನು ನಾನು, ತುತ್ತು ಕಲಸಿ ಬಾಯಿಗಿಟ್ಟವನು ನಾನು. ಇಡೀ ದಿನ ಬೇರೆಯವರ ಗಂಟೆ ಕೇಳಿಸಿದ್ರೆ ಓಡೋಳು ನೀನು, ಸಂಬಳ ಕೊಡ್ತಾರೆ ಅದಕ್ಕೆ. ನನಗೆ...

ಛೆ. ಬಾಯಿ ಜಾರಿತು. ಹಾಗಲ್ಲ. ತಪ್ಪು ತಿಳ್ಕೋಬೇಡ. ನೀನು ಕಳಿಸ್ತಿದ್ದ ಔಷಧಿಯಿಂದಲೇ ಅವಳು ಅಷ್ಟು ದಿನ...

ಸರಿ, ನಿಜ ಹೇಳಿಬಿಡ್ತೀನಿ. ಅದು ಪೈಪೂ ಅಲ್ಲ. ಕಿವಿ ಸ್ಟುಡಿಯೋದಲ್ಲಿ ಮಾಡಿದ್ದು! ಯಾವುದೋ ಕಬ್ಬಿಣದ ತುಂಡಿಗೆ ಕೀಲಿಕೈ ತಟ್ಟಿ ತಟ್ಟಿ. ಆ ದೃಶ್ಯ ಸಪ್ಪೆ ಅನ್ನಿಸ್ತು ನಮಗೆ, ಏನಾದ್ರೂ ಬೇಕಿತ್ತು. ಹ್ಞಾ? ಪೈಪ್ ಅಂದೆ, ಹೌದು ಅಂದೆ. ಪೈಪೂ ಇತ್ತು ಅಕ್ಕ, ಅದನ್ನ ತೆಗೆದು ಇದನ್ನ ಹಾಕಿದ್ದು. ನಮ್ಮ ಕೆಲಸದಲ್ಲಿ ಹೀಗೆಲ್ಲ... ಬೇಕಾದ್ರೆ ಕಿವಿಯನ್ನೇ ಕೇಳು. ಈಗ ಮಾತ್ರ ಫೋನ್ ಮಾಡಬೇಡ, ಅವನು ಯಾಕೋ ನನ್ನ ಹತ್ರ ಮಾತಾಡ್ತಾ ಇಲ್ಲ. ಇವತ್ತು ಸಾಯಂಕಾಲಕ್ಕೂ ಬರಲ್ಲ ಅಂದಿದಾನೆ. ಅವನಿಗೊಂದು ಹುಚ್ಚು.

ಯಾಕೆ ಫ್ಯಾನ್ ಆರಿಸಿದೆ? ಸೆಕೆ ಆಗ್ತಿದೆ ನನಗೆ.

ರೇಡಿಯೋ ಇರಲಿ ಬಿಡೇ! ಅದು ಹಾಗೇ ಇರತ್ತೆ, ಯಾವಾಗಲೂ. ಒಬ್ಬನೇ ಇರ್ತೀನಲ್ಲ, ಏನಾದ್ರೂ ಗುಣುಗುಡ್ತಾ ಇರಬೇಕು. ಸುಮ್ಮನಿದ್ರೆ ಈ ಮನೇಲಿ... ಹಳೇ ಕಟ್ಟಡ ನೋಡು. ಥಿಯೇಟರಲ್ಲಿ ಕೂಡ ಆ ದೃಶ್ಯ ಬರೋ ಹೊತ್ತಿಗೆ ನಾನು ಎದ್ದು ಹೊರಗೆ ಹೋಗ್ತೀನಿ. ಜನ ನನ್ನದು ಭಾರೀ ವಿನಯ ಅಂದ್ಕೊಂಡಿದಾರೆ! ಹೊರಗೆ ನಿಂತ್ಕೊಂಡ್ರೂ ಕೇಳಿಸತ್ತೆ ಅಕ್ಕ. ಬಾಗಿಲು ಹಾಕಿದ್ರೂ ಕೇಳಿಸತ್ತೆ. ರಸ್ತೆಯಲ್ಲಿ, ಬಸ್ಸಿನ ಕಂಬಿಗೆ ಯಾರದ್ದಾದ್ರೂ ಬಳೆ ತಾಗಿದ್ರೆ, ನನ್ನ...

ಅಯ್ಯೋ, ರೇಡಿಯೋ ಆರಿಸಿದ್ದು ಸಾಲ್ದು ಅಂತ ಫ್ರಿಜ್ಜನ್ನೂ ಯಾಕೆ ಆರಿಸ್ತೀಯ? ಹಾಲು ಕೆಟ್ಟು ಹೋಗತ್ತೆ. ಏನು ಮಾಡ್ತಿದೀಯ ನೀನು?

ಒಳಗೆ ಹೋಗ್ತೀಯಾ? ಹೋಗು. ನಿನ್ನ ಅಮ್ಮನ ಕೋಣೆ, ನಾನ್ಯಾಕೆ ಬೇಡ ಅನ್ಲಿ. ಮಂಚ ಹಾಗೇ ಇದೆ, ಹಾಸಿಗೆ ಮಾತ್ರ ಸುತ್ತಿಟ್ಟಿದೀನಿ. ನಾನು ಬರಲ್ಲ, ಅಂಗಿಯ ಈ ತೋಳೊಂದು ಬಾಕಿ ಇದೆ. ನಾನು ಅಲ್ಲಿಗೆ ಜಾಸ್ತಿ... ಧೂಳು ಇರಬೇಕು. ಬಾಗಿಲು ತೆಗೆದಿಡು ಅಕ್ಕ. ಅಕ್ಕಾ?

ಕೂತ್ಯಾ ಮಂಚದ ಮೇಲೆ? ಕಿರ್ ಅಂತು. ಆವತ್ತು ಕೂಡ ನಾವೆಲ್ಲ ಹೀಗೇ ನಿಂತಿದ್ವಿ, ನಾನು ಇಲ್ಲಿ, ಕಿವಿ ಆ ಮೂಲೇಲಿ ತಲೆಗೆ ಹೆಡ್‌ಫೋನ್ ಹಾಕ್ಕೊಂಡು, ಕ್ಯಾಮೆರಾ ಹುಡುಗಿ ನೀನೀಗ ಇರೋ ಕೋಣೆಯ ಬಾಗಿಲ ಹತ್ರ. ಅವಳು ಒಳಗೆ ಹೋಗೋಕೆ ಕಾಲು ಎತ್ತಿದ್ಲು, ನಾನೇ ಕೈ ಎತ್ತಿ ತಡೆದೆ, ಒಂದೇ ಒಂದು ನಿಮಿಷ ತಾನೇ ಅಂತ... ಅಂದ್ರೆ, ಸೀನು. ಅವಳಿಗೆ ಸೀನು ಬಂದಿತ್ತು. ನೀರಿಗೆ ಕರೀತಿದಾಳೆ ಅಂತ... ಅಲ್ಲ, ಯಾರೂ ಕರೀಲಿಲ್ಲ. ಮಲಗಿದ್ಲು ಅಂದೆನಲ್ಲ.

ಮಾತಾಡಕ್ಕಾ. ಏನಾದ್ರೂ ಒಂದು ಮಾತಾಡು. ಬೈಯಿ, ಬೇಕಾದ್ರೆ. ಈ ಮನೆ ಇಷ್ಟು ಸುಮ್ಮನಿರಬಾರದು. ಸಾಯಂಕಾಲ ಬರ್ತೀಯ ತಾನೇ? ಬಂದು ಪಕ್ಕದಲ್ಲಿ ಕೂತ್ರೆ ಸಾಕು. ಅವಳು ನೆಮ್ಮದಿಯಾಗಿ ಹೋದ್ಲು ಅಂತ ನಾನು ಎಲ್ಲರಿಗೂ ಹೇಳಿದೀನಿ, ಸ್ಟೇಜ್ ಮೇಲೂ ಅದನ್ನೇ ಹೇಳ್ಬೇಕು, ನೀನು ಸುಮ್ಮನೆ ಹೂಂ ಅಂದ್ರೆ...

ಬಂದೆ ದೊಡ್ಡಮ್ಮಾ! ಬಂದೆ, ಬಂದೆ...

...

ಅಕ್ಕಾ.

ನೀನಾ ಬಡಿದಿದ್ದು? ಆ ಉಂಗುರದಿಂದ... ಸರಳಿಗೆ...

ಯಾಕೆ ಹಾಗೆ ಮಾಡ್ದೆ. ನಾನು ಏನೋ ಯೋಚಿಸ್ತಾ ಇದ್ದೆ, ಬಾಯಿಗೆ ಬಂದಿದ್ದು ಅಂದೆ ಅಷ್ಟೇ. ಅಭ್ಯಾಸ. ಪೈಪ್ ಬಡಿದ್ರೂ ಅಂತಿದ್ದೆ. ಅಲ್ಲ, ಪೈಪಲ್ಲ... ಮತ್ತೆ ಬಡೀಬೇಡ ಅಕ್ಕ. ದಮ್ಮಯ್ಯ. ಆ ಕೈಯನ್ನ ಸರಳಿನಿಂದ ತೆಗಿ. ಅಳ್ತಿದೀಯಾ? ಅಳೋದಾದ್ರೆ ಜೋರಾಗಿ ಅಳು, ಸದ್ದು ಬರಲಿ. ಹೀಗೆ ಸುಮ್ಮನೆ ನೋಡಬೇಡ.

ಬಂದೆನಲ್ಲಾ. ಇಲ್ಲೇ ಬಾಗಿಲಲ್ಲಿ ನಿಂತಿದೀನಲ್ಲಾ ಈಗ. ಬಂದೆನಲ್ಲಕ್ಕಾ...